ಸುರುಳಿ ಎಲ್ಲಿ ನಿಂತಿದೆ?

ಮೊಬೈಲಿನಲ್ಲಿ ಜಾಗ ಸಾಲದೆಂದು ಮದುವೆಯ ಒಂದಷ್ಟು ಫೋಟೊ ಅಳಿಸುತ್ತೀರಿ. ಕ್ಲೌಡ್‌ನಲ್ಲಿ ಇನ್ನೊಂದು ಪ್ರತಿ ಇದೆಯಲ್ಲ ಎಂಬ ಧೈರ್ಯ. ಕೆಲವು ತಿಂಗಳ ಮೇಲೆ ಹುಡುಕಿದರೆ ಅಲ್ಲೂ ಇಲ್ಲ. ಎರಡು ಕಡೆ ಇದ್ದದ್ದು ಎರಡೂ ಕಡೆ ಒಟ್ಟಿಗೇ ಹೋದದ್ದು ಹೇಗೆ?

ಇದಕ್ಕೆ ತದ್ವಿರುದ್ಧವಾದ ಸಂಗತಿ ಕೊಪ್ಪಳ ಊರಲ್ಲೇ ಇದೆ. ಗವಿಮಠದ ಬೆಟ್ಟದ ಬಂಡೆಯ ಮೇಲೆ ಅಶೋಕನ ಲಘು ಶಿಲಾಶಾಸನವೊಂದಿದೆ. ಅದರದೇ ಇನ್ನೊಂದು ಪ್ರತಿ ಪಾಲ್ಕಿಗುಂಡು ಬೆಟ್ಟದ ಮೇಲಿದೆ. ಎರಡೂ 1931ರಲ್ಲಿ ಬೆಳಕಿಗೆ ಬಂದವು. ಪಾಲ್ಕಿಗುಂಡಿನದು ಸವೆದು ತುಣುಕಾಗಿದೆ, ಗವಿಮಠದ್ದು ಓದುವಷ್ಟು ಚೆನ್ನಾಗಿ ಉಳಿದಿದೆ. ಮಸ್ಕಿ, ನಿಟ್ಟೂರು, ಉಡೇಗೋಳಂ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲೂ ಪ್ರತಿಗಳಿವೆ. ಒಂದರಲ್ಲಿ ಬಿದ್ದುಹೋದ ಅಕ್ಷರವನ್ನು ವಿದ್ವಾಂಸರು ಇನ್ನೊಂದರಿಂದ ತುಂಬಿಕೊಳ್ಳುತ್ತಾರೆ. ಈ ಶಾಸನದ ಹಲವು ಪ್ರತಿಗಳಲ್ಲಿ 256 ಎಂಬ ಅಂಕಿ ಬರುತ್ತದೆ. ಅದು ಅಶೋಕ ಸಂಚಾರದಲ್ಲಿ ಕಳೆದ ರಾತ್ರಿಗಳ ಲೆಕ್ಕ ಎಂಬುದು ಒಂದು ಅರ್ಥ. ಕಂಪ್ಯೂಟರಿನವರಿಗೆ 256 ಅಂದರೆ ಒಂದು ಬೈಟ್ ತಾಳಬಲ್ಲ ಬೇರೆ ಬೇರೆ ಬೆಲೆಗಳ ಸಂಖ್ಯೆ. ಬರೀ ಕಾಕತಾಳೀಯ, ಆದರೂ ನೋಡಿದಾಗೆಲ್ಲ ನಗು ಬರುತ್ತದೆ.

ಪಾಲ್ಕಿಗುಂಡು ಸವೆಯುವಾಗ ಗವಿಮಠ ಯಾಕೆ ಸವೆಯಲಿಲ್ಲ? ಒಂದು ಬಂಡೆಗೆ ಇನ್ನೊಂದು ಬಂಡೆಯ ಸುದ್ದಿಯೇ ಗೊತ್ತಿಲ್ಲ, ಅದಕ್ಕೆ. ನಿಮ್ಮ ಮೊಬೈಲಿಗೂ ಕ್ಲೌಡಿಗೂ ಮಾತ್ರ ಗಳಿಗೆ ಗಳಿಗೆಗೆ ಮಾತುಕತೆ ನಡೆಯುತ್ತಿರುತ್ತದೆ. ಇಲ್ಲಿ ಅಳಿಸಿದರೆ ‘ಅಲ್ಲೂ ಅಳಿಸು’ ಎಂಬ ಅಪ್ಪಣೆ ನಿಷ್ಠೆಯಿಂದ ತಲುಪುತ್ತದೆ.

ಕನ್ನಡಿಪ್ರತಿ, ಮೀಸಲುಪ್ರತಿ

ಇವೆರಡಕ್ಕೆ ಎರಡು ಹೆಸರಿಟ್ಟುಕೊಳ್ಳೋಣ. ಮೂಲದಲ್ಲಿ ಆದದ್ದೆಲ್ಲ ಆ ಕ್ಷಣವೇ ತನ್ನಲ್ಲೂ ಆಗುವಂಥದ್ದು ಕನ್ನಡಿಪ್ರತಿ. ಮೂಲದಿಂದ ಕಡಿದುಕೊಂಡು ಒಂದು ದಿನದ ಸ್ಥಿತಿಯನ್ನು ಹಾಗೇ ಹಿಡಿದಿಟ್ಟುಕೊಳ್ಳುವುದು ಮೀಸಲುಪ್ರತಿ. ಬ್ಯಾಕಪ್ ಎಂದು ಕರೆಯಬೇಕಾದದ್ದು ಇದನ್ನೇ. ಸರ್ವರ್‌ನಲ್ಲಿ ಜೋಡಿ ಡಿಸ್ಕ್ ಹಾಕಿ ‘ಒಂದು ಹೋದರೆ ಇನ್ನೊಂದಿದೆ’ ಎನ್ನುವುದು ಕನ್ನಡಿಪ್ರತಿಯೇ. ಡಿಸ್ಕ್ ಸುಟ್ಟರೆ ಅದು ಕಾಯುತ್ತದೆ. ಗುಮಾಸ್ತರ ಕೈತಪ್ಪಿನಿಂದಾಗಲಿ, ತಂತ್ರಾಂಶದ ದೋಷದಿಂದಾಗಲಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಕಳ್ಳರಿಂದಾಗಲಿ ಕಾಯಲಾರದು.

2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳದೂ ಅದರಲ್ಲಿದ್ದವು. ಗ್ರಾಮಲೆಕ್ಕಿಗರು ಕೈಯಲ್ಲಿ ಬರೆದ ಪಹಣಿಗೆ ಆಮೇಲೆ ಕಾನೂನಿನ ಬೆಲೆ ಉಳಿಯಲಿಲ್ಲ. ಅಂದರೆ ಹೊಲ ಯಾರದು, ಅದರ ಮೇಲೆ ಸಾಲ ಎಷ್ಟು ಎಂಬುದಕ್ಕೆಲ್ಲ ಡಿಸ್ಕಿನ ಮೇಲಿನ ಗುರುತುಗಳೇ ಆಧಾರ. ಇಂಥದ್ದಕ್ಕೆ ಕನ್ನಡಿ ಸಾಲದು.

ಗೂಗಲ್‌ನಂಥ ಗೂಗಲ್‌ಗೇ ಸಾಲಲಿಲ್ಲ. 2011ರ ಫೆಬ್ರವರಿ ಕೊನೆಯಲ್ಲಿ ಜಿಮೇಲ್ ಬಳಕೆದಾರರಲ್ಲಿ ಶೇ 0.02ರಷ್ಟು ಜನರ ಅಂಚೆಪೆಟ್ಟಿಗೆ ಖಾಲಿಯಾಯಿತು. ಅವರ ಪತ್ರಗಳಿಗೆ ಬೇರೆ ಬೇರೆ ದತ್ತಾಂಶ ಕೇಂದ್ರಗಳಲ್ಲಿ ಪ್ರತಿಗಳಿದ್ದವು, ಆದರೆ ಹೊಸ ತಂತ್ರಾಂಶದ ದೋಷ ಆ ಪ್ರತಿಗಳನ್ನೂ ಮುಟ್ಟಿತು. ಪತ್ರಗಳು ಕಡೆಗೆ ವಾಪಸ್ಸು ಬಂದದ್ದು ಕಾಂತಪಟ್ಟಿಯಿಂದ, ಟೇಪ್‌ನಿಂದ. ಯಾವ ತಂತಿಗೂ ಸಿಗದೆ ಕುಳಿತಿದ್ದ ಟೇಪಿಗೆ ಆ ದೋಷ ತಾಕಲೇ ಇಲ್ಲ.

ಹಗೇವು

ಬಯಲುಸೀಮೆಯ ಹಳಬರಿಗೆ ಇದನ್ನು ವಿವರಿಸಬೇಕಿಲ್ಲ. ದಿನದ ರೊಟ್ಟಿಗೆ ಜೋಳ ಮನೆಯೊಳಗಿನ ಚೀಲದಲ್ಲಿರುತ್ತಿತ್ತು. ಬರಗಾಲದ ಜೋಳ ಹಗೇವಿನಲ್ಲಿ: ನೆಲದಡಿ ತೋಡಿದ ಗುಂಡಿ, ಸುತ್ತ ಹುಲ್ಲಿನ ಹೊದಿಕೆ, ಬಾಯಿಗೆ ಕಲ್ಲು, ಕಲ್ಲಿನ ಸುತ್ತ ಮಣ್ಣು ಮೆತ್ತಿ ಬಂದೋಬಸ್ತು. ಒಳಗಿನ ಕಾಳೇ ಉಸಿರಾಡಿ ಆಮ್ಲಜನಕ ಮುಗಿಸುತ್ತದೆ, ಹುಳ ಸಾಯುತ್ತದೆ, ಜೋಳ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಬಾಯಿ ತೆಗೆದ ಕೂಡಲೇ ಒಳಗೆ ಇಳಿಯುವಂತಿಲ್ಲ, ದೀಪ ಇಳಿಬಿಟ್ಟು ನೋಡಬೇಕು. ನಡುವಿನಿಂದ ಒಂದು ಸೇರು ತೆಗೆದುಕೊಡಿ ಎಂದರೆ ಆಗದು. ತೊಡಕೇ ಅದರ ರಕ್ಷಣೆ. ಡಿಸ್ಕ್ ಮನೆಯ ಚೀಲವಾದರೆ ಟೇಪ್ ಹಗೇವು. ಯಂತ್ರದಿಂದ ಹೊರತೆಗೆದು ಕಪಾಟಿನಲ್ಲಿಟ್ಟ ಟೇಪಿನೊಳಕ್ಕೆ ಯಾವ ವೈರಸ್ಸೂ ನುಗ್ಗಲಾರದು.

ಕಪಾಟು ಎಲ್ಲಿರಬೇಕು ಎಂಬುದು ಬೇರೆ ಪ್ರಶ್ನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ನದಿಪಾತ್ರದ ಊರುಗಳಿಗೆ ಎಚ್ಚರಿಕೆ ಹೋಯಿತು. ಗಂಗಾವತಿ ಕಡೆಯ ಹೊಳೆದಂಡೆಯಲ್ಲಿ ಸರ್ವರ್ ಇಟ್ಟವರು ಟೇಪನ್ನೂ ಅದೇ ದಂಡೆಯಲ್ಲಿ ಇಟ್ಟರೆ ಅರ್ಥವಿಲ್ಲ. ಎತ್ತರದಲ್ಲಿರುವ ಕುಷ್ಟಗಿಯೋ ಯಲಬುರ್ಗಾವೋ ಲೇಸು. ಬಹುಕಾಲ ಇಡುವ ಟೇಪಿಗೆ 16ರಿಂದ 25 ಡಿಗ್ರಿ ಸೆಲ್ಸಿಯಸ್ ಹಿತ. ನಮ್ಮ ಬೇಸಿಗೆಯ 40ರಲ್ಲಿ ತಗಡಿನ ಕೋಣೆ ಅದಕ್ಕೆ ಒಗ್ಗದು. ಗಿಣಗೇರಿ ಸುತ್ತಿನ ಕರಿಧೂಳಂತೂ ಓದುವ ಹೆಡ್ಡಿನ ಮೇಲೆ ಕೂತರೆ ಮುಗಿಯಿತು.

ಒಂದು ಕಿಲೋಮೀಟರ್ ಪಟ್ಟಿ

ಈಗ ಪೆಟ್ಟಿಗೆ ಬಿಚ್ಚಿ ನೋಡೋಣ. ಇಂದು ಚಾಲ್ತಿಯಲ್ಲಿರುವುದು ಎಲ್‌ಟಿಒ ಎಂಬ ಬಗೆ. 2000ದಲ್ಲಿ ಬಂದ ಮೊದಲ ಪೀಳಿಗೆಯಲ್ಲಿ 100 ಗಿಗಾಬೈಟ್ ಹಿಡಿಯುತ್ತಿತ್ತು, 2021ರ ಒಂಬತ್ತನೆಯದರಲ್ಲಿ 18 ಟೆರಾಬೈಟ್, ಅಂದರೆ 180 ಪಟ್ಟು. ಅಂಗೈಯಗಲದ ಡಬ್ಬಿಯೊಳಗೆ ಅರ್ಧ ಇಂಚು ಅಗಲದ, 1,035 ಮೀಟರ್ ಉದ್ದದ ಪಟ್ಟಿ. ದಪ್ಪ ಐದು ಮೈಕ್ರೋಮೀಟರಿನ ಆಸುಪಾಸು, ತಲೆಗೂದಲಿನ ದಪ್ಪದಲ್ಲಿ ಅಂಥ ಹತ್ತಕ್ಕಿಂತ ಹೆಚ್ಚು ಪದರ ಹಿಡಿದಾವು. ಅಗಲದಲ್ಲಿ 8,960 ಗೆರೆಗಳು. ಹೆಡ್ ಒಮ್ಮೆಗೆ 32 ಗೆರೆ ಬರೆಯುತ್ತದೆ. ತುದಿ ಮುಟ್ಟಿ, ಮಗ್ಗುಲಿಗೆ ಸರಿದು, ಹಿಂದಕ್ಕೆ ಬರುತ್ತ ಮುಂದಿನ 32 ಬರೆಯುತ್ತದೆ. ಹೀಗೆ 280 ಸಲ. ಪೂರ್ತಿ ತುಂಬಲು ಪಟ್ಟಿ ಸುಮಾರು 290 ಕಿಲೋಮೀಟರ್ ಓಡಬೇಕು. ಸೆಕೆಂಡಿಗೆ 400 ಮೆಗಾಬೈಟ್ ವೇಗದಲ್ಲಿ ಅದಕ್ಕೆ ಹನ್ನೆರಡೂವರೆ ಗಂಟೆ ಬೇಕು, ಅಂದರೆ ಪಟ್ಟಿಯ ಓಟ ಗಂಟೆಗೆ 23 ಕಿಲೋಮೀಟರ್!

ಡಿಸ್ಕ್ ಬಯಲಿದ್ದಂತೆ, ಬೇಕಾದ ಜಾಗಕ್ಕೆ ನೇರ ಹೋಗಬಹುದು. ಟೇಪಿನಲ್ಲಿ ಇರುವುದು ಒಂದೇ ಕಾಲುದಾರಿ. ಬೇಕಾದ ಕಡತ ನಡುವೆ ಎಲ್ಲೋ ಇದ್ದರೆ ಅಲ್ಲಿಯವರೆಗೆ ಸುತ್ತಿಕೊಂಡೇ ಹೋಗಬೇಕು, ಒಂದು ನಿಮಿಷದ ಆಸುಪಾಸು ಹಿಡಿಯುತ್ತದೆ. ಇಡೀ ಅಧ್ಯಾಯದ ಗುಟ್ಟು ಇಲ್ಲಿದೆ. ಯಂತ್ರದ ಕಣ್ಣಿಗೆ ಟೇಪಿನ ಮೇಲೆ ಕಡತಗಳಿಗೆ ಹೆಸರಿನ ಫಲಕವಿಲ್ಲ, ವಿಳಾಸವಿಲ್ಲ. ಕಡತಗಳ ಒಂದು ಗಂಟಿನ ನಂತರ ಇನ್ನೊಂದು ಗಂಟು. ಎರಡರ ನಡುವೆ ಯಂತ್ರ ನೆಡುವ ಒಂದು ಗುರುತು. ಅದನ್ನು ಬಾಂದು ಎನ್ನೋಣ, ಹೊಲಗಳ ನಡುವಿನ ಕಲ್ಲಿಗೆ ಅನ್ನುವ ಹಾಗೆ. ಬರೆದದ್ದೆಲ್ಲ ಮುಗಿದಲ್ಲಿ ‘ಇಲ್ಲಿಗೆ ಮುಗಿಯಿತು’ ಎಂಬ ಕೊನೆಗುರುತು. ಕೊನೆಗುರುತಿನ ಆಚೆಗೆ ಯಂತ್ರ ಓದುವುದಿಲ್ಲ, ಅಲ್ಲಿ ನಿನ್ನೆಯ ಕಾಂತಗುರುತುಗಳು ಅಳಿಯದೆ ಉಳಿದಿದ್ದರೂ ಸರಿ.

ಒಂದೇ ಅಕ್ಷರ

ಯಲಬುರ್ಗಾದಲ್ಲೊಂದು ಪತ್ತಿನ ಸಹಕಾರ ಸಂಘ ಇದೆ ಎಂದು ಊಹಿಸಿಕೊಳ್ಳಿ. ಸರ್ವರ್ ಲಿನಕ್ಸ್‌ನದು, ಪಕ್ಕದಲ್ಲೊಂದು ಟೇಪ್ ಯಂತ್ರ. ಇಲ್ಲಿ ಒತ್ತಲು ಚಿತ್ರವಿಲ್ಲ, ಗುಂಡಿಯಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಬೇಕು. ಇದನ್ನು ಹಳೆಯ ಕಾಲದ ಹಟ ಎಂದು ತಿಳಿಯಬೇಡಿ. ಬರೆದಿಟ್ಟ ಆಜ್ಞೆಯನ್ನು ಕ್ರಾನ್ ಎಂಬ ಕಾವಲುಗಾರನಿಗೆ ಒಪ್ಪಿಸಿದರೆ ದಿನವೂ ರಾತ್ರಿ ಹತ್ತಕ್ಕೆ ತಾನೇ ನಡೆಸುತ್ತಾನೆ. ನಿಧಾನದ ಇಂಟರ್ನೆಟ್‌ನಲ್ಲೂ ಕೊಪ್ಪಳದಿಂದ ಕುಳಿತು ಅದೇ ಸಾಲು ಕಳಿಸಬಹುದು. ಕೆಲಸ ಮುಗಿದ ಮೇಲೆ ಯಂತ್ರ ಒಂದು ಅಂಕಿ ಕೊಡುತ್ತದೆ. ಸೊನ್ನೆ ಬಂದರೆ ಪಾಸು, ಬೇರೇನೇ ಬಂದರೂ ಕಾರಣ ನೋಡಬೇಕು. ಸೊನ್ನೆಗೆ ಇಷ್ಟು ಮರ್ಯಾದೆ ಇರುವ ಪರೀಕ್ಷೆ ಇನ್ನೊಂದಿಲ್ಲ.

ಗಂಟು ಕಟ್ಟುವ ಆಜ್ಞೆ ‘ಟಾರ್’. ಟೇಪ್ ಆರ್ಕೈವ್ ಎಂಬುದರ ಮೊಟಕು. 1979ರ ಯುನಿಕ್ಸ್ ಏಳನೆಯ ಆವೃತ್ತಿಯೊಂದಿಗೆ ಬಂತು. ಕಡತಗಳನ್ನು ಸಾಲಾಗಿ ಜೋಡಿಸಿ, ಪ್ರತಿಯೊಂದರ ಮುಂದೆ 512 ಬೈಟಿನ ಚೀಟಿ ಅಂಟಿಸುತ್ತದೆ: ಹೆಸರು, ಗಾತ್ರ, ಒಡೆಯ, ತಾರೀಕು. ಕೊನೆಗೆ ಬರೀ ಸೊನ್ನೆಗಳ ಎರಡು ತುಂಡು. ಇಷ್ಟು ಸರಳ ಇರುವುದರಿಂದಲೇ ಇಂದಿಗೂ ಬದುಕಿದೆ.

ಇನ್ನು ಸುರುಳಿಯನ್ನು ಸರಿಸುವ ಆಜ್ಞೆ ‘ಎಂಟಿ’. ಅದಕ್ಕೆ ‘ರಿವೈಂಡ್’ ಎಂದರೆ ಮೊದಲಿಗೆ ಬರುತ್ತದೆ, ‘ಎಫ್‌ಎಸ್‌ಎಫ್ 2’ ಎಂದರೆ ಎರಡು ಬಾಂದು ದಾಟಿ ನಿಲ್ಲುತ್ತದೆ, ‘ಇಒಡಿ’ ಎಂದರೆ ಕೊನೆಗುರುತಿಗೆ ಓಡುತ್ತದೆ, ‘ಸ್ಟೇಟಸ್’ ಎಂದರೆ ಈಗ ಎಷ್ಟನೇ ಗಂಟಿನಲ್ಲಿ ನಿಂತಿದ್ದೇನೆಂದು ಹೇಳುತ್ತದೆ.

ಲಿನಕ್ಸ್ ಒಂದೇ ಟೇಪ್ ಯಂತ್ರಕ್ಕೆ ಎರಡು ಹೆಸರಿಟ್ಟಿದೆ, ‘ಎಸ್‌ಟಿ0’ ಮತ್ತು ‘ಎನ್‌ಎಸ್‌ಟಿ0’. ಯಂತ್ರ ಒಂದೇ, ತಂತಿ ಒಂದೇ. ಮೊದಲ ಹೆಸರಿನಿಂದ ಕರೆದರೆ ಕೆಲಸ ಮುಗಿದ ಕೂಡಲೇ ಸುರುಳಿ ಮೊದಲಿಗೆ ಸುತ್ತಿಕೊಳ್ಳುತ್ತದೆ. ಎರಡನೆಯದರಿಂದ ಕರೆದರೆ ನಿಂತಲ್ಲೇ ನಿಲ್ಲುತ್ತದೆ.

ಸಂಘದ ಹುಡುಗ ಸೋಮವಾರ ರಾತ್ರಿ ಠೇವಣಿ ಖಾತೆಗಳ ಗಂಟನ್ನು ‘ಎಸ್‌ಟಿ0’ಗೆ ಬರೆಯುತ್ತಾನೆ. ಸುರುಳಿ ತಾನೇ ಮೊದಲಿಗೆ ಬರುತ್ತದೆ. ಮಂಗಳವಾರ ಬೆಳೆಸಾಲದ ಗಂಟನ್ನು ಅದೇ ಟೇಪಿಗೆ ಬರೆಯುತ್ತಾನೆ, ಎಲ್ಲಿಂದ? ಮೊದಲಿನಿಂದ. ಎರಡೂ ದಿನ ಸೊನ್ನೆ ಬಂದಿದೆ, ಎರಡೂ ಪಾಸು. ಆದರೆ ಟೇಪಿನಲ್ಲಿರುವುದು ಮಂಗಳವಾರದ್ದೊಂದೇ. ಸೋಮವಾರದ ಗಂಟು ದೊಡ್ಡದಾಗಿದ್ದರೆ ಅದರ ಬಾಲ ಈಗಲೂ ಪಟ್ಟಿಯ ಮೇಲಿದೆ, ಆದರೆ ಮಂಗಳವಾರದ ಕೊನೆಗುರುತಿನ ಆಚೆ ಇದೆ. ಯಂತ್ರದ ಮಟ್ಟಿಗೆ ಅದು ಇಲ್ಲ. ಹಳೆಯ ಆಡಿಯೊ ಕ್ಯಾಸೆಟ್ಟಿನಲ್ಲಿ ಪಾರಿಜಾತದ ಹಾಡಿನ ಮೇಲೆ ಮಗುವಿನ ಅಳು ತುಂಬಿಸಿದವರಿಗೆ ಈ ದುಃಖ ಗೊತ್ತು. ಆ ಕ್ಯಾಸೆಟ್ಟಿನ ಮೂಲೆಯ ಪ್ಲಾಸ್ಟಿಕ್ ಕಿವಿ ಮುರಿದರೆ ಮತ್ತೆ ತುಂಬಿಸಲು ಬರುತ್ತಿರಲಿಲ್ಲವಲ್ಲ, ಎಲ್‌ಟಿಒ ಡಬ್ಬಿಗೂ ಅಂಥದ್ದೊಂದು ಸರಿಸುವ ಗುಂಡಿ ಇದೆ. ಬಹಳ ಜನ ಅದನ್ನು ಬಳಸುವುದೇ ಇಲ್ಲ.

ಸರಿಯಾದ ಕ್ರಮ ಹೀಗೆ: ‘ಎನ್‌ಎಸ್‌ಟಿ0’ ಎಂದೇ ಕರೆಯಬೇಕು, ಬರೆಯುವ ಮುನ್ನ ‘ಇಒಡಿ’ಗೆ ಹೋಗಬೇಕು, ‘ಸ್ಟೇಟಸ್’ ಕೇಳಿ ನಿಂತ ಜಾಗ ಖಾತ್ರಿ ಮಾಡಿಕೊಳ್ಳಬೇಕು. ಓದುವಾಗ ಇನ್ನೊಂದು ಸಣ್ಣ ಕಿರಿಕಿರಿ. ಟಾರ್ ಒಂದು ಗಂಟು ಓದಿ ಮುಗಿಸಿದಾಗ ಹೆಡ್ ಬಾಂದಿನ ಈಚೆಗೇ ನಿಂತಿರುವುದುಂಟು. ಆಗ ಮುಂದಿನ ಗಂಟು ಓದು ಎಂದರೆ ‘ಏನೂ ಇಲ್ಲ’ ಎನ್ನುತ್ತದೆ. ಟೇಪ್ ಖಾಲಿಯೆಂದು ಗಾಬರಿಬಿದ್ದು ಹೊಸದಾಗಿ ಬರೆಯಲು ಹೊರಟರೆ ಅಲ್ಲಿಗೆ ನಿಜವಾಗಿಯೂ ಖಾಲಿ! ಒಂದು ಬಾಂದು ಮುಂದೆ ಸರಿಸಿದರೆ ಸಾಕಿತ್ತು.

ನಿಲ್ಲಲು ಬಾರದ ಓಟ

ಗಂಟೆಗೆ 23 ಕಿಲೋಮೀಟರ್ ಓಡುವ ಪಟ್ಟಿಗೆ ತಟಕ್ಕನೆ ನಿಲ್ಲಲು ಆಗದು. ಡಿಸ್ಕಿನಿಂದ ಮಾಹಿತಿ ಬರುವುದು ತಡವಾದರೆ ಬರೆಯುವ ಮುನ್ನ ಅದನ್ನು ಕೂಡಿಟ್ಟುಕೊಳ್ಳುವ ಯಂತ್ರದ ನಡುಗೂಡು (ಬಫರ್) ಬರಿದಾಗುತ್ತದೆ. ಪಟ್ಟಿ ನಿಲ್ಲಬೇಕು, ನಿಲ್ಲುವಷ್ಟರಲ್ಲಿ ಮುಂದೆ ಜಾರಿರುತ್ತದೆ, ಹಿಂದಕ್ಕೆ ಬರಬೇಕು, ಮತ್ತೆ ವೇಗ ಹಿಡಿದು ಬಿಟ್ಟ ಜಾಗದಿಂದ ಬರೆಯಬೇಕು. ಪಟ್ಟಿ ಹೀಗೆ ಹೆಡ್ಡಿನ ಮೇಲೆ ಹಿಂದೆ ಮುಂದೆ ಉಜ್ಜಾಡುವುದಕ್ಕೆ ಇಂಗ್ಲಿಷಿನವರು ಶೂ ಶೈನಿಂಗ್, ಅಂದರೆ ಬೂಟು ಪಾಲಿಶ್, ಎಂದೇ ಹೆಸರಿಟ್ಟಿದ್ದಾರೆ. ಪಟ್ಟಿಯೂ ಸವೆಯುತ್ತದೆ, ಹೊತ್ತೂ ಹಾಳು. ಹೊಸ ಯಂತ್ರಗಳು ವೇಗ ತಗ್ಗಿಸಿಕೊಂಡು ಸಾಧ್ಯವಾದಷ್ಟು ಹೊಂದಿಕೊಳ್ಳುತ್ತವೆ, ಆದರೂ ಒಂದು ಮಿತಿಯಿದೆ. ಹಾಗಾಗಿ ಲಕ್ಷಾಂತರ ಚಿಲ್ಲರೆ ಕಡತಗಳನ್ನು ಮೊದಲು ಡಿಸ್ಕಿನಲ್ಲೇ ಒಂದು ದೊಡ್ಡ ಗಂಟಾಗಿ ಕಟ್ಟಿ, ಆಮೇಲೆ ಒಂದೇ ಉಸಿರಿನಲ್ಲಿ ಟೇಪಿಗೆ ಸುರಿಯುವುದು ಜಾಣತನ.

ಸೂಚಿ

ಒಂದೆರಡು ಟೇಪಿದ್ದರೆ ಯಾವುದರಲ್ಲಿ ಏನಿದೆಯೆಂದು ನೋಟ್‌ಬುಕ್ಕಿನಲ್ಲಿ ಬರೆದಿಡಬಹುದು. ಐವತ್ತಾದರೆ? ಅದಕ್ಕೆಂದೇ ಬಂದವು ಅಮಾಂಡಾ, ಬಕ್ಯುಲಾ ಮುಂತಾದ ತಂತ್ರಾಂಶಗಳು. ಅಮಾಂಡಾ 1990ರ ದಶಕದ ಆರಂಭದಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಬಕ್ಯುಲಾವನ್ನು ಕರ್ನ್ ಸಿಬಾಲ್ಡ್ 2000ದಲ್ಲಿ ಶುರುಮಾಡಿದರು. ಇವು ಒಳಗೆ ಮಾಡುವುದೂ ಅದೇ ಕೆಲಸ: ಬಾಂದು ಎಣಿಸು, ಮುಂದೆ ಸರಿಸು, ಬರೆ. ಜೊತೆಗೆ ಒಂದು ಸೂಚಿ ಇಡುತ್ತವೆ. ಯಾವ ಕಡತ, ಯಾವ ತಾರೀಕಿನದು, ಯಾವ ಟೇಪಿನ ಎಷ್ಟನೇ ಜಾಗದಲ್ಲಿದೆ ಎಂಬ ಪಟ್ಟಿ. ಬಕ್ಯುಲಾದ ಬಿಕನ್ಸೋಲ್ ಎಂಬ ಕಪ್ಪು ಪರದೆಯಲ್ಲಿ ‘ರಿಸ್ಟೋರ್’ ಎಂದು ಟೈಪಿಸಿದರೆ ಸೂಚಿ ನೋಡಿ, ‘ಇಂಥ ಹೆಸರಿನ ಟೇಪ್ ಹಾಕು’ ಎಂದು ಅದೇ ಕೇಳುತ್ತದೆ.

ಸೂಚಿ ಇರುವುದೆಲ್ಲಿ? ಸರ್ವರ್‌ನ ಡಿಸ್ಕಿನಲ್ಲಿ. ಸುಟ್ಟದ್ದು ಅದೇ ಡಿಸ್ಕಾದರೆ? ಟೇಪುಗಳೆಲ್ಲ ಕ್ಷೇಮ, ಯಾವುದರಲ್ಲಿ ಏನೆಂದು ಮಾತ್ರ ಯಾರಿಗೂ ಗೊತ್ತಿಲ್ಲ. ಬಿಸ್ಕ್ಯಾನ್ ಎಂಬ ಉಪಕರಣ ಟೇಪನ್ನು ತುದಿಯಿಂದ ತುದಿಗೆ ಓದಿ ಸೂಚಿಯನ್ನು ಮತ್ತೆ ಕಟ್ಟಬಲ್ಲದು, ಆದರೆ ಟೇಪಿಗೆ ಗಂಟೆಗಟ್ಟಲೆ ಲೆಕ್ಕ. ಅದಕ್ಕೇ ಸೂಚಿಯ ಪ್ರತಿಯನ್ನೂ ದಿನವೂ ಟೇಪಿಗೆ ಹಾಕುವುದು ವಾಡಿಕೆ. ಅಮಾಂಡಾದವರ ಉಪಾಯ ನನಗೆ ಇನ್ನೂ ಇಷ್ಟ. ಪ್ರತಿ ಗಂಟಿನ ಮುಂದೆ ಮನುಷ್ಯರು ಓದಬಲ್ಲ ಒಂದು ಚೀಟಿ ಇರುತ್ತದೆ. ಇದನ್ನು ಬಿಚ್ಚಲು ಯಾವ ಆಜ್ಞೆ ಟೈಪ್ ಮಾಡಬೇಕು ಎಂಬುದನ್ನು ಆ ಚೀಟಿಯೇ ಹೇಳುತ್ತದೆ. ಅಮಾಂಡಾ ಇಲ್ಲದ ಯಂತ್ರದಲ್ಲೂ ಟೇಪ್ ತನ್ನನ್ನು ತಾನು ಬಿಚ್ಚಿಕೊಳ್ಳುವ ದಾರಿ ತೋರಿಸುತ್ತದೆ.

ಎಷ್ಟು ಹಿಂದಿನ ಟೇಪ್ ಇಟ್ಟಿರಬೇಕು? ದಿನದ್ದು ಮಗ, ವಾರದ್ದು ಅಪ್ಪ, ತಿಂಗಳದ್ದು ಅಜ್ಜ ಎಂದು ಮೂರು ತಲೆಮಾರು ಇಡುವುದು ಹಳೆಯ ಪದ್ಧತಿ. ಜೂನ್‌ನಲ್ಲಿ ತಪ್ಪಾಗಿ ನಮೂದಾದ ಬೆಳೆಸಾಲ ಮಾರ್ಚ್ ಲೆಕ್ಕಪರಿಶೋಧನೆಯಲ್ಲಿ ಸಿಕ್ಕಿಬಿದ್ದರೆ ಮಗನೂ ಅಪ್ಪನೂ ಉಪಯೋಗಕ್ಕಿಲ್ಲ, ಅಜ್ಜನನ್ನೇ ಎಬ್ಬಿಸಬೇಕು.

ತಿರುಗಿ ಬಂದರೆ

2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಎಂಬ ಕಂಪನಿಯ ಎಂಜಿನಿಯರ್ ಒಬ್ಬರು, ಇದು ಎರಡನೇ ಸರ್ವರ್ ಎಂದುಕೊಂಡು, ಮೊದಲನೆಯದರಲ್ಲೇ ಅಳಿಸುವ ಆಜ್ಞೆ ಒತ್ತಿದರು. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸಿದಾಗ ಸುಮಾರು 300 ಗಿಗಾಬೈಟಿನಲ್ಲಿ ಉಳಿದದ್ದು 4.5. ಮೀಸಲುಪ್ರತಿ ಹುಡುಕಿದರೆ ಆ ಜಾಗ ಖಾಲಿ. ಪ್ರತಿ ತೆಗೆಯುವ ತಂತ್ರಾಂಶಕ್ಕೂ ದತ್ತಾಂಶಕೋಶಕ್ಕೂ ಆವೃತ್ತಿ ಹೊಂದದೆ ಅದು ದಿನವೂ ಸೋಲುತ್ತಿತ್ತು. ಸೋಲಿನ ಸುದ್ದಿ ಹೊತ್ತ ಇ-ಮೇಲ್‌ಗಳೂ ನಡುವೆಯೇ ತಿರಸ್ಕೃತವಾಗುತ್ತಿದ್ದವು. ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆಂದು ತೆಗೆದಿದ್ದ ಒಂದು ಪ್ರತಿಯಿಂದ ಬಚಾವಾದರು. ಆ ಆರು ಗಂಟೆಯ ಕೆಲಸ ಹೋಯಿತು. ಇಷ್ಟನ್ನೂ ಆ ಕಂಪನಿ ತಾನೇ ಬಹಿರಂಗವಾಗಿ ಬರೆದುಕೊಂಡಿತು. ಅಂಥ ಧೈರ್ಯ ನಮ್ಮ ಕಚೇರಿಗಳಲ್ಲಿ ಕಾಣುವುದು ಅಪರೂಪ.

ಎಲ್‌ಟಿಒ ಯಂತ್ರ ಬರೆದದ್ದನ್ನು ಹಿಂದಿನಿಂದಲೇ ಬರುವ ಓದುಹೆಡ್ಡಿನಿಂದ ಆಗಲೇ ಓದಿ ತಾಳೆ ನೋಡುತ್ತದೆ, ನಿಜ. ಆದರೆ ಅದು ತಾಳೆ ನೋಡುವುದು ತನಗೆ ಕೊಟ್ಟದ್ದನ್ನು. ಖಾಲಿ ಗಂಟು ಕೊಟ್ಟರೆ ಖಾಲಿ ಗಂಟನ್ನೇ ಒಂದಕ್ಷರ ತಪ್ಪಿಲ್ಲದೆ ಕಾಪಾಡುತ್ತದೆ. ವಹಿವಾಟು ನಡೆಯುತ್ತಿರುವ ದತ್ತಾಂಶಕೋಶದ ಕಡತವನ್ನು ಹಾಗೆಯೇ ನಕಲು ಮಾಡಿದರೆ ಅರ್ಧ ಹಳತು ಅರ್ಧ ಹೊಸತು ಸೇರಿದ ಎಡವಟ್ಟು ಪ್ರತಿ ಸಿಗುತ್ತದೆ. ಯಂತ್ರಕ್ಕೆ ಅದೂ ಗೊತ್ತಾಗದು. ಹಾಗಾಗಿ ಆಗಾಗ ಒಂದು ಟೇಪ್ ತೆಗೆದು, ಬೇರೆ ಕಂಪ್ಯೂಟರಿನಲ್ಲಿ ಬಿಚ್ಚಿ, ಒಬ್ಬ ಸದಸ್ಯರ ಖಾತೆ ತೆರೆದು ಶಿಲ್ಕು ನೋಡುವವರೆಗೆ ಬ್ಯಾಕಪ್ ಇದೆ ಎನ್ನಲಾಗದು.

ಮೊದಲು ಸಾಯುವುದು ಯಂತ್ರ

ಸರಿಯಾಗಿ ಇಟ್ಟರೆ ಟೇಪಿನ ಆಯಸ್ಸು 30 ವರ್ಷ ಎನ್ನುತ್ತಾರೆ ತಯಾರಕರು. ಓದುವ ಯಂತ್ರ ಅಷ್ಟು ದಿನ ಸಿಗಬೇಕಲ್ಲ. ಏಳನೇ ಪೀಳಿಗೆಯ ತನಕ ಎಲ್‌ಟಿಒ ಯಂತ್ರ ತನಗಿಂತ ಎರಡು ಪೀಳಿಗೆ ಹಿಂದಿನ ಟೇಪ್ ಓದುತ್ತಿತ್ತು. ಎಂಟು, ಒಂಬತ್ತನೆಯವು ಒಂದೇ ಪೀಳಿಗೆ ಹಿಂದಕ್ಕೆ ಹೋಗಬಲ್ಲವು. 2025ರಲ್ಲಿ ಬಂದ ಹತ್ತನೆಯದು ಒಂಬತ್ತನೆಯದನ್ನೂ ಓದುವುದಿಲ್ಲ. ಇಂದು ಹೊಸ ಯಂತ್ರ ಕೊಳ್ಳುವ ಸಂಘ ತನ್ನ ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಎರಡನ್ನೂ ಒಂದೇ ಸರ್ವರ್‌ಗೆ ಜೋಡಿಸಬೇಕು. ಆಗ ಹಳೆಯದು ‘ಎನ್‌ಎಸ್‌ಟಿ0’, ಹೊಸದು ‘ಎನ್‌ಎಸ್‌ಟಿ1’ ಆಗಬಹುದು. ಒಂದರಿಂದ ಓದಿ ಇನ್ನೊಂದಕ್ಕೆ ಬರೆಯಲು ಒಂದು ಸಾಲಿನ ಆಜ್ಞೆ ಸಾಕು. ತುಂಬಿದ ಒಂಬತ್ತನೇ ಪೀಳಿಗೆಯ ಟೇಪಾದರೆ ಒಂದಕ್ಕೆ ಹನ್ನೆರಡೂವರೆ ಗಂಟೆ. ಯಾವುದು ಸೊನ್ನೆ, ಯಾವುದು ಒಂದು ಎಂದು ಎಂಟರ್ ಒತ್ತುವ ಮೊದಲು ನೋಡಿಕೊಳ್ಳಬೇಕು, ಯಾಕೆಂದರೆ ಅದಲುಬದಲಾದರೂ ಯಂತ್ರ ಬೇಡವೆನ್ನುವುದಿಲ್ಲ. ಹಳೆಯ ಟೇಪುಗಳ ಗುಂಡಿಯನ್ನು ‘ಬರೆಯಬೇಡ’ ಕಡೆಗೆ ಸರಿಸಿಟ್ಟಿದ್ದರೆ ಮಾತ್ರ ಬೇಡವೆನ್ನುತ್ತದೆ.